ನಾನು ಓದಿದ ಶಾಸನ

ಇತಿಹಾಸ ನನಗೆ ಗೊತ್ತು. ಇದು ನನ್ನ ಹೆಮ್ಮೆಯ ಮಾತಲ್ಲ, ನೂರಕ್ಕೆ ಅರವತ್ತೊಂದು ಅಂಕ ಕೊಟ್ಟು ವಿಶ್ವವಿದ್ಯಾಲಯವೇ ಒಪ್ಪಿಕೊಂಡ ಮಾತು. ತವರಿನಲ್ಲಿ ನನಗಿಂತ ಮೊದಲು ಹತ್ತನೇ ಇಯತ್ತೆ ದಾಟಿದವರು ಯಾರೂ ಇರಲಿಲ್ಲ. ಮೂರು ವರ್ಷ ಬಸ್ಸಿನ ಮೆಟ್ಟಿಲ ಮೇಲೆ ಜೋತಾಡುತ್ತ ಗೋಕಾಕದ ಕಾಲೇಜಿಗೆ ಹೋಗಿ, ಇಂಗ್ಲಿಷಿನಲ್ಲಿ ಎರಡು ಸಲ ಬಿದ್ದು, ಮೂರನೆಯ ಸಲಕ್ಕೆ ಎದ್ದು ತಂದ ಬಿ.ಎ. ಅದು. ಮೂಡಲಗಿಯ ನಮ್ಮ ಮನೆಯಲ್ಲಿ ಅದಕ್ಕೆ ಕಟ್ಟು ಹಾಕಿಸಿ ದೇವರ ಜಗಲಿಯ ಬಾಜೂ ತೂಗುಹಾಕಿದ್ದೇನೆ. ಅತ್ತೆ ದಿನಾ ದೇವರಿಗೆ ಊದಿನಕಡ್ಡಿ ಬೆಳಗುವಾಗ ಹೊಗೆ ಅದಕ್ಕೂ ಸಲ್ಲುತ್ತದೆ.

ಈ ಬೇಸಿಗೆ ರಜೆಯಲ್ಲಿ ನನ್ನ ನಾದಿನಿ ಸುಜಾತಾ ಪಿ.ಯು.ಸಿ. ಪಾಸಾದಳು. ಕಾಲೇಜಿನ ಫಾರ್ಮ್ ತಂದು ತುಂಬಿದ್ದೂ ಆಯಿತು. ಉಳಿದದ್ದು ಅತ್ತೆಯ ಸಹಿ ಒಂದೇ. ಮಾವನವರು ಇಲ್ಲದ ಮನೆಯಲ್ಲಿ ಅದೇ ಸುಪ್ರೀಂ ಕೋರ್ಟ್.

"ಮನಿಗಿ ಒಬ್ಬಾಕಿ ಓದಿದ್ದು ಸಾಕು," ಎಂದರು ಅತ್ತೆ. "ಶೈಲಾ, ನೀ ಅಷ್ಟ ಓದೀದಿ. ನನ್ನ ಕಣ್ಣಿಗಿ ಕಾಣದ್ದು ನಿನ್ನ ಕಣ್ಣಿಗಿ ಏನ ಕಾಣ್ತೈತಿ? ಅದನ್ನಷ್ಟ ತೋರ್ಸು. ಸಹಿ ಮಾಡ್ತೇನಿ."

ಫಾರ್ಮ್ ಕೊಡಲು ಉಳಿದದ್ದು ಎರಡೇ ದಿನ. ನಾನು ಕಲಿಸುವ ಶಾಲೆಯ ರಜೆ ಉಳಿದದ್ದು ಒಂದೇ ದಿನ. "ನಾಳೆ ತೋರಿಸ್ತೇನ್ರಿ," ಎಂದೆ. ಇಂಥ ಸುಲಭದ ಪರೀಕ್ಷೆ ನನಗೆ ವಿಶ್ವವಿದ್ಯಾಲಯ ಕೂಡ ಕೊಟ್ಟಿರಲಿಲ್ಲ!

ನಮ್ಮ ಮನೆಯವರು ಗೆಳೆಯನ ಕಾರು ತಂದರು. ಮೊದಲು ಗೋಕಾಕ ಫಾಲ್ಸ್. ದಾರಿಯುದ್ದಕ್ಕೂ ಆ ಜಲಪಾತದ ಭೋರ್ಗರೆತವನ್ನು ನಾನೇ ಬಾಯಿಂದ ಮಾಡಿ ತೋರಿಸಿದೆ. ಒಳ್ಳೆಯದೇ ಆಯಿತು, ಏಕೆಂದರೆ ಅಲ್ಲಿ ಹೋದರೆ ನೀರೇ ಇರಲಿಲ್ಲ. ಬೇಸಿಗೆಯಲ್ಲಿ ನದಿ ಒಣಗುತ್ತದೆ ಎಂಬುದು ಇತಿಹಾಸದ ಪತ್ರಿಕೆಯಲ್ಲಿ ಬರುವುದಿಲ್ಲ, ಭೂಗೋಳದಲ್ಲಿ ಬರುತ್ತದೆ.

"ಬರೇ ಬಂಡೆಗಲ್ಲ ನೋಡಾಕ ಇಷ್ಟ ದೂರ ಬಂದ್ವೇನು?" ಎಂದರು ಅತ್ತೆ.

"ನೀರು ನೋಡಾಕಲ್ರಿ, ಗುಡಿ ನೋಡಾಕ," ಎಂದು ದಂಡೆಯ ಮೇಲಿನ ಹಳೆಯ ಗುಡಿಗೆ ಕರೆದೊಯ್ದೆ. ಕಂಬ ತೋರಿಸಿದೆ, ಕಲ್ಲಿನ ಕೆತ್ತನೆ ತೋರಿಸಿದೆ. ಅತ್ತೆ ಎಲ್ಲವನ್ನೂ ನೋಡಿ, "ಇದು ನನಗೂ ಕಾಣಾಕತ್ತೈತಿ," ಎಂದರು.

ಮುಂದೆ ಹುಕ್ಕೇರಿಯ ಗುಮ್ಮಟ. ಒಳಗೆ ನಿಲ್ಲಿಸಿ ಗಂಭೀರವಾಗಿ ಹೇಳಿದೆ: "ಇಲ್ಲಿ ಒಂದು ಸಲ ಕೂಗಿದರ ಏಳು ಸಲ ತಿರುಗಿ ಕೇಳ್ತೈತ್ರಿ. ಕೂಗ್ರಿ." ಅತ್ತೆ ಸೆರಗು ಸರಿಮಾಡಿಕೊಂಡು, ಹೊಲದ ಈ ಬದುವಿನಿಂದ ಆ ಬದುವಿಗೆ ಮುಟ್ಟುವ ದನಿಯಲ್ಲಿ "ಸುಜಾತಾ" ಎಂದು ಕೂಗಿದರು. ಪಾರಿವಾಳಗಳೆಲ್ಲ ಎದ್ದವು. ಅವು ಮೇಲಿಂದ ಬಿಟ್ಟದ್ದು ನಮ್ಮ ಮನೆಯವರ ಹೊಸ ಅಂಗಿಯ ಮೇಲೆ ಬಿತ್ತು. ತಿರುಗಿ ಬಂದದ್ದು ಮಾತ್ರ ಹೊರಗೆ ಫೋಟೋ ತೆಗೆಯುತ್ತಿದ್ದ ಸುಜಾತಾ.

"ಏನವಾ, ಕರದೀ?"

ಬಾಗಿಲಲ್ಲಿ ಕೂತಿದ್ದ ಮುದುಕರೊಬ್ಬರು ನಗುತ್ತ ಹೇಳಿದರು: "ಅಕ್ಕಾರ, ಅದು ವಿಜಾಪುರದ್ದರಿ. ನಮ್ಮ ಗುಮ್ಮಟ ಅಷ್ಟ ಮಾತಾಡೂದಿಲ್ಲ."

ಹಿಂದಿರುಗುವಾಗ ನಮ್ಮ ಮನೆಯವರು ಅಂಗಿ ಒರೆಸಿಕೊಳ್ಳುತ್ತಲೇ ಕಾರು ನಡೆಸಿದರು. ಸುಜಾತಾ ನನ್ನ ಕಿವಿಯಲ್ಲಿ, "ವೈನಿ, ಇನ್ನೊಂದ ಏನರ ತೋರ್ಸ್ರಿ. ನನ್ನ ಕಾಲೇಜ ನಿಮ್ಮ ಕೈಯಾಗ ಐತಿ," ಎಂದಳು. ಅವಳ ಕಣ್ಣು ತುಂಬಿತ್ತು.

ಹಿಡಕಲ್ ದಾಟಿ ಚಹಾಕ್ಕೆಂದು ನಿಂತಲ್ಲಿ, ರಸ್ತೆಯಿಂದ ಸ್ವಲ್ಪ ಒಳಗೆ ಮಾಡು ಬಿದ್ದ ಒಂದು ಸಣ್ಣ ಗುಡಿ ಕಂಡಿತು. ಅದರ ಹಿಂದೆ ಅರ್ಧ ಹೂತ ಕಲ್ಲು. ಕಲ್ಲಿನ ತುಂಬ ಗೀರುಗಳು. ಅಡ್ಡ, ಓರೆ, ಕೆಲವು ಆಳ, ಕೆಲವು ತೆಳು. ಶಾಸನ! ಅದೂ ಯಾವ ಪುಸ್ತಕದಲ್ಲೂ ಬರದ ಲಿಪಿ!

ಎಲ್ಲರ ಚಪ್ಪಲಿ ಬಿಡಿಸಿದೆ. ನಮ್ಮ ಮನೆಯವರ ಕೈಗೆ ಫೋನ್ ಕೊಟ್ಟು ಕಲ್ಲಿನ ಜೊತೆ ನಾಲ್ಕು ಫೋಟೋ ತೆಗೆಸಿ, "ಅಪರೂಪದ ಶಾಸನ ಪತ್ತೆ" ಎಂದು ನಮ್ಮ ಶಾಲೆಯ ವಾಟ್ಸಾಪ್ ಗುಂಪಿಗೆ ಹಾಕಿದೆ. ಕ್ಷಣದಲ್ಲಿ ಹೆಡ್ ಮಾಸ್ತರರಿಂದ ಅಭಿನಂದನೆ ಬಂತು. ಆ ಮೇಲೆ ನನ್ನನ್ನು ಹಿಡಿಯುವವರು ಯಾರು?

"ಅತ್ತಿ, ಈ ಸಾಲಿನಾಗ ರಾಜನ ಹೆಸರು. ಇದರಾಗ ಕೊಟ್ಟ ಭೂಮಿ. ಈ ಆಳದ ಗೀರು ಅದಾವಲ್ಲ, ಇವು ಭೂಮಿಯ ಅಳತಿ." ಅತ್ತೆ ತಲೆಯಾಡಿಸುತ್ತ ಕೇಳಿದರು. ನಾನು ಇಪ್ಪತ್ತು ನಿಮಿಷ ಓದಿದೆ. ಕೊನೆಗೆ, ಎಲ್ಲ ಶಾಸನಗಳಲ್ಲೂ ಇರುವಂತೆ ಇಲ್ಲಿಯೂ ಒಂದು ಶಾಪ ಇರಲೇಬೇಕೆಂದು ಅದನ್ನೂ ಓದಿಬಿಟ್ಟೆ: "ಇದನ್ನು ಕೆಡಿಸಿದವರು ಅರವತ್ತು ಸಾವಿರ ವರ್ಷ ಹುಳವಾಗಿ ಹುಟ್ಟಲಿ."

ಅಷ್ಟರಲ್ಲಿ ತಲೆಯ ಮೇಲೆ ಮೇವಿನ ಹೊರೆ ಹೊತ್ತ ಹೆಂಗಸೊಬ್ಬಳು ಬಂದಳು. ಹೊರೆ ಇಳಿಸಿ, "ಜರಾ ಸರೀರಿ ಅಕ್ಕಾರ," ಎಂದು ನನ್ನನ್ನು ಪಕ್ಕಕ್ಕೆ ಮಾಡಿ, ಕಲ್ಲಿನ ಮೇಲೆ ಬಾಟಲಿಯ ನೀರು ಸುರಿದು, ಸೊಂಟದ ಕುಡಗೋಲು ತೆಗೆದು ಕರ್ ಕರ್ ಎಂದು ಮಸೆಯತೊಡಗಿದಳು.

ಶಾಸನಕ್ಕೆ ನನ್ನ ಕಣ್ಣೆದುರೇ ಹೊಸ ಸಾಲು ಸೇರುತ್ತಿತ್ತು.

"ಊರ ಮಂದಿ ಎಲ್ಲಾ ಇಲ್ಲೇ ಮಸಿಯೂದ್ರಿ," ಎಂದಳು ಅವಳು, ಅಲಗಿಗೆ ಹೆಬ್ಬೆರಳು ಹಚ್ಚಿ ನೋಡುತ್ತ. "ನೀವು ಹೇಳಿದ್ದು ಕೇಳಿಸ್ತು. ಹಂಗಾದ್ರ ನಮ್ಮ ಊರಾಗ ಮನಷ್ಯಾರ ಉಳಿಯೂದಿಲ್ಲ, ಎಲ್ಲಾ ಹುಳಾನ."

ನಮ್ಮ ಮನೆಯವರು ಕಾರಿನ ಹಿಂದೆ ಹೋಗಿ ನಗತೊಡಗಿದರು. ನಾನು ಅತ್ತೆಯ ಕಡೆ ತಿರುಗಿದೆ. ಹುಟ್ಟಿದಾಗಿನಿಂದ ಕುಡಗೋಲು ಹಿಡಿದ ಕೈ ಅವರದು.

"ನಿಮಗ ಮೊದಲ ಗೊತ್ತಿತ್ತೇನ್ರಿ?"

"ನೋಡಿದ ಕೂಡ್ಲೆ ಗೊತ್ತಾತು."

"ಮತ್ತ ಯಾಕ ಹೇಳಲಿಲ್ಲ?"

"ನೀ ಭಾಳ ಚಂದ ಹೇಳಾಕತ್ತಿದ್ದಿ. ನಡಕ ಬಾಯಿ ಹಾಕಬಾರದು ಅಂತ ಸುಮ್ಕಾದ್ನಿ."

ಮನೆಗೆ ಬಂದ ಮೇಲೆ ನಾನು ಅಡುಗೆಮನೆ ಸೇರಿಕೊಂಡೆ. ಸುಜಾತಾ ಫಾರ್ಮನ್ನು ಮಡಿಚಿ ಚೀಲದಲ್ಲಿ ಹಾಕುತ್ತಿದ್ದಳು. ಆಗ ಪಡಸಾಲೆಯಿಂದ ಅತ್ತೆಯ ದನಿ ಬಂತು: "ಆ ಕಾಗದ ತಾ. ಪೆನ್ನೂ ತಾ."

ಒಂದೊಂದೇ ಅಕ್ಷರ ಕೂಡಿಸಿ ಅವರು ಸಹಿ ಮಾಡುವುದನ್ನು ನೋಡುತ್ತ ನಿಂತೆ. ಸುಮ್ಮನಿರಲಾಗಲಿಲ್ಲ. "ಅತ್ತಿ, ಇಷ್ಟೆಲ್ಲಾ ಆದ ಮ್ಯಾಲೂ?"

"ಇಷ್ಟೆಲ್ಲಾ ಆದದ್ದಕ್ಕ," ಎಂದರು ಅತ್ತೆ, ಫಾರ್ಮಿನಿಂದ ತಲೆ ಎತ್ತದೆ. "ಕುಡಗೋಲ ಗೀರಿನ ತಪ್ಪು ನಾ ಹಿಡದೆ. ಉಳದದ್ದು ನೀ ಹೇಳೂದು ಖರೆನೋ ಸುಳ್ಳೋ ನೋಡಾಕ ಮನ್ಯಾಗ ಇನ್ನೊಬ್ಬಾಕಿ ಓದಿದಾಕಿ ಬೇಕು."

ನೋಡಿ, ಗೆದ್ದದ್ದು ನಾನೇ. ಹೇಗೆ ಗೆದ್ದೆ ಎಂಬುದು ಬೇರೆ ಮಾತು. ಮರುದಿನ ಶಾಲೆಗೆ ಅರ್ಧ ದಿನ ರಜೆ ಹಾಕಿ, ಎದೆ ಉಬ್ಬಿಸಿಕೊಂಡು ಸುಜಾತಾಳನ್ನು ಗೋಕಾಕಕ್ಕೆ ಕರೆದೊಯ್ದೆ. ಫಾರ್ಮ್ ತೆಗೆದುಕೊಂಡ ಗುಮಾಸ್ತರು, "ಯಾವ ವಿಷಯ ತಗೋತೀಯವಾ?" ಎಂದು ಕೇಳಿದರು.

"ಇತಿಹಾಸ ರಿ," ಎಂದಳು ಸುಜಾತಾ. "ಮನ್ಯಾಗ ತಿದ್ದೂದು ಭಾಳ ಐತಿ."

ನಾನೂ ಅದೇ ಕಾಲೇಜಿನಲ್ಲಿ ಓದಿದವಳು ಎಂದು ಹೇಳಲು ಬಾಯಿ ತೆರೆದಿದ್ದೆ. ಮುಚ್ಚಿಕೊಂಡೆ.