ಪೋಷಕರಿಗೆ ಒಂದನೇ ತರಗತಿಯ ಪರಿಚಯ

ಮಗುವಿನ ಕಲಿಕೆ ಕುಟುಂಬದ ತಿಳಿವಳಿಕೆಯಿಂದಲೇ ಆರಂಭವಾಗತಕ್ಕದ್ದು ಎಂದು ಹೆಗ್‌ಸುಂಡ ಪುರಸಭೆಯ ಶಿಕ್ಷಣ ಸಮಿತಿ ಸರ್ವಾನುಮತದಿಂದ ನಿರ್ಣಯಿಸಿದೆ. ಈ ನಿರ್ಣಯಕ್ಕೆ ಮುಂಚೆ ಸ್ವೀಡನ್ನಿನ ಆ ಸಣ್ಣ ಊರಿನಲ್ಲಿ ಮಕ್ಕಳು ನೇರವಾಗಿ ಶಾಲೆಗೆ ಹೋಗಿ ಓದಲು ಕಲಿತುಬಿಡುತ್ತಿದ್ದರು. ಆ ಅವ್ಯವಸ್ಥೆಯ ಕಾಲದ ಬಗ್ಗೆ ಈಗ ಯಾರೂ ಹೆಚ್ಚು ಮಾತಾಡುವುದಿಲ್ಲ.

ದಂತವೈದ್ಯ ಸ್ಟೆಲ್ಲಾನ್ ರಿಡೀನ್‌ಗೆ ಈ ನಿರ್ಣಯ ಗೊತ್ತಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ಇಷ್ಟೇ: ಮಗಳು ತುವಾಳಿಗೆ ಏಳು ತುಂಬಿತ್ತು, ಓದು ಕಲಿಯುವ ಆತುರ ಅವಳಿಗೆ ವಿಪರೀತವಾಗಿತ್ತು. ಹಾಲಿನ ಡಬ್ಬಿಯ ಮೇಲೇನಿದೆ, ಬಸ್ಸಿನ ಹಣೆಯ ಮೇಲೇನಿದೆ ಎಂದು ಕೇಳಿ ಕೇಳಿ ಅಪ್ಪನ ಪ್ರಾಣ ತಿನ್ನುತ್ತಿದ್ದಳು. ಹೆಂಡತಿಯ ಹೆಸರು ಇಲ್ವಾ; ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ನರ್ಸು. ಹಾಗಾಗಿ ಆಗಸ್ಟಿನ ಒಂದು ಸಂಜೆ ‘ಒಂದನೇ ತರಗತಿಯ ದಿನಚರಿ, ನಿರೀಕ್ಷೆಗಳು ಮತ್ತು ಕಲಿಕೆ: ಕುಟುಂಬಗಳಿಗೆ ಪರಿಚಯ’ ಎಂಬ ಸಭೆಗೆ ಸ್ಟೆಲ್ಲಾನನೇ ಹೋಗಬೇಕಾಯಿತು.

ಬಾಗಿಲಲ್ಲಿ ಬೂಟು ಬಿಚ್ಚಿ, ಮಗಳ ಹೆಸರಿನ ಗೂಟಕ್ಕೆ ಕೋಟು ತೂಗುಹಾಕಿ ಒಳಗೆ ಹೋದ. ಪುಟಾಣಿ ಕುರ್ಚಿಗಳು. ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. ಟೀಚರ್ ಗುನ್‌ವೋರ್ ಸಾಲು ನಿಲ್ಲುವ ಬಗೆ, ಪೆನ್ಸಿಲು ಕೆತ್ತುವ ಬಗೆ, ಹಣ್ಣು ತಿನ್ನುವ ಹೊತ್ತು, ಎಲ್ಲವನ್ನೂ ಮಧುರವಾದ ದನಿಯಲ್ಲಿ ವಿವರಿಸಿದರು.

"ಓದೋದು ಯಾವಾಗ ಶುರು ಮೇಡಂ?" ಎಂದ ಸ್ಟೆಲ್ಲಾನ್.

ಗುನ್‌ವೋರ್ ನಗುಮುಖದಲ್ಲೇ ಕಿಟಕಿಯಾಚೆ ನೋಡಿದರು.

"ಮೇಡಂ, ಕೇಳಿಸ್ತಾ?"

"ಕೈ ಎತ್ತದೇ ಇದ್ರೆ ನಂಗೆ ಏನೂ ಕೇಳ್ಸಲ್ಲ."

ಅವನು ಕೈ ಎತ್ತಿದ.

"ಹೇಳಿ ಸ್ಟೆಲ್ಲಾನ್. ಎಷ್ಟು ಚೆನ್ನಾಗಿ ಎತ್ತಿದ್ರಿ! ಓದು ತಾನೆ? ದಿನಚರಿ ಎಲ್ಲಾ ಕುಟುಂಬಕ್ಕೂ ಅರ್ಥ ಆದ್ಮೇಲೆ. ಒಬ್ಬರನ್ನೂ ಹಿಂದೆ ಬಿಟ್ಟು ಹೋಗಲ್ಲ ಅನ್ನೋದು ನಮ್ಮ ನೀತಿ."

"ಇದ್ರಲ್ಲಿ ಅರ್ಥ ಆಗದೇ ಇರೋಂಥದ್ದು ಏನಿದೆ ರೀ?" ಎಂದು ಪಕ್ಕದಿಂದ ಗದರಿದವರು ಸಿವ್ ಹಾಲ್‌ಗ್ರೇನ್. ಅವರು ಜಿಲ್ಲಾ ನ್ಯಾಯಾಲಯದ ನ್ಯಾಯಾಧೀಶೆ. ಮಾತಾಡಲು ಯಾರ ಅನುಮತಿಯನ್ನೂ ಕೇಳಿ ಅಭ್ಯಾಸವಿರಲಿಲ್ಲ.

ಗುನ್‌ವೋರ್ ದುಃಖದಿಂದ ತಲೆಯಾಡಿಸಿದರು. ಸಿವ್‌ಗೆ ದಿನಚರಿ ಅರ್ಥವಾಗಿಲ್ಲವೆಂಬುದು ಸ್ಪಷ್ಟವಾಗಿತ್ತು. ಸಭೆಯನ್ನು ಮರುದಿನಕ್ಕೆ ಮುಂದುವರಿಸಲಾಯಿತು, ಅದರ ಮರುದಿನಕ್ಕೂ. ಸಿವ್ ಪ್ರತಿ ಸಂಜೆಯೂ ಕೈ ಎತ್ತದೆಯೇ ಒಂದಲ್ಲ ಒಂದು ಆಕ್ಷೇಪ ಎತ್ತಿದರು.

ಅಷ್ಟರಲ್ಲಿ ಶಿಕ್ಷಕರ ಸಂಘ ಸಂಜೆಯ ಕೆಲಸಕ್ಕೆ ತಕರಾರು ತೆಗೆಯಿತು. ಆದಕಾರಣ ಕೆಳಕಂಡ ಪ್ರಕಟಣೆ ಹೊರಟಿತು: ‘ಕುಟುಂಬಗಳ ಪರಿಚಯ ಕಾರ್ಯಕ್ರಮವು ಇನ್ನು ಮುಂದೆ ಹಗಲು, ಶಾಲಾ ಅವಧಿಯಲ್ಲಿ ನಡೆಯುವುದು. ಅಗ್ನಿಶಾಮಕ ನಿಯಮದಂತೆ ಕೊಠಡಿಯಲ್ಲಿ ಒಂದು ತರಗತಿಯಷ್ಟೇ ವಿದ್ಯಾರ್ಥಿಗಳಿಗೆ ಅವಕಾಶವಿರುವುದರಿಂದ, ಪರಿಚಯ ಪೂರ್ಣಗೊಳ್ಳುವವರೆಗೆ ಮಕ್ಕಳು ಆಟದ ಅಂಗಳದಲ್ಲಿ ಇರತಕ್ಕದ್ದು.’ ಪುರಸಭೆಗೆ ಸರ್ಕಾರದಿಂದ ಬರುವ ಅನುದಾನ ತಲೆ ಲೆಕ್ಕದ್ದು. ಈಗ ಒಳಗಿನ ತಲೆಗಳಿಗೂ ಹೊರಗಿನ ತಲೆಗಳಿಗೂ ಅದು ಬರತೊಡಗಿತು. ಇದು ಕೇವಲ ಆಕಸ್ಮಿಕವೆಂದು ಸಮಿತಿ ತನ್ನ ಹೊಸ ಸೋಫಾಗಳಲ್ಲಿ ಕೂತು ಸ್ಪಷ್ಟಪಡಿಸಿತು.

ಸ್ಟೆಲ್ಲಾನ್ ಕ್ಲಿನಿಕ್ಕಿಗೆ ಬೀಗ ಹಾಕಿ ಶಾಲೆಗೆ ಹೋಗತೊಡಗಿದ. ಹಲ್ಲುನೋವಿನವರು ರಜೆಯವರೆಗೆ ಕಾಯಲು ಒಪ್ಪಿದರು. ಸೆಪ್ಟೆಂಬರಿನಲ್ಲಿ ಯಾವಾಗಲೋ ಗುನ್‌ವೋರ್ ‘ನೀವು’ ಬಿಟ್ಟು ‘ನೀನು’ ಹಿಡಿದರು. ಯಾರಿಗೂ ಬೇಸರವಾಗಲಿಲ್ಲ. ಸಾಲಿನಲ್ಲಿ ಮುಂದೆ ನಿಲ್ಲಲು ಬ್ಯಾಂಕಿನ ಮ್ಯಾನೇಜರು ಪಾದ್ರಿಯನ್ನು ತಳ್ಳಿದ; ಪಾದ್ರಿ ಟೀಚರಿಗೆ ಚಾಡಿ ಹೇಳಿದರು.

ತುವಾ ಮಾತ್ರ ದಿನವೂ ಸಂಜೆ ಕಾಯುತ್ತಿದ್ದಳು. "ಇವತ್ತು ಏನ್ ಕಲ್ತೆ ಅಪ್ಪಾ?"

"ಸಾಲಲ್ಲಿ ನಿಲ್ಲೋದು."

"ಅದು ನಿನ್ನೇನೇ ಕಲ್ತಿದ್ಯಲ್ಲ! ಅಕ್ಷರ?"

"ಇನ್ನೂ ಇಲ್ಲ ಪುಟ್ಟಿ."

ಅವಳ ಕೆಳತುಟಿ ನಡುಗಿತು. ಆ ಭಾನುವಾರ ಸ್ಟೆಲ್ಲಾನ್ ದಾಲ್ಚಿನ್ನಿ ಬನ್ನಿಗೆ ಹಿಟ್ಟು ನಾದುತ್ತಾ, ಬಾಗಿಲು ಹಾಕಿದೆಯೇ ಎಂದು ಎರಡು ಸಲ ನೋಡಿ, ಹಿಟ್ಟನ್ನು ಹಾವಿನಂತೆ ಹೊಸೆದು ಬಳುಕಿಸಿ ತುವಾಳ ಮುಂದೆ ಇಟ್ಟ. "ಇದು ಎಸ್. ಯಾರ ಹತ್ರಾನೂ ಹೇಳ್ಬೇಡ."

ತುವಾ ಹೇಳಲಿಲ್ಲ. ಬರೆದಳು, ಆಟದ ಅಂಗಳದ ಮರಳಿನಲ್ಲಿ, ತನ್ನಷ್ಟೇ ಉದ್ದಕ್ಕೆ.

ಮುಖ್ಯೋಪಾಧ್ಯಾಯ ಟೋರ್‌ಸ್ಟೆನ್ ಸ್ಟೆಲ್ಲಾನ್‌ನನ್ನು ಕರೆಸಿದರು.

"ಅಂಗಳದಲ್ಲಿ ಒಂದು ಅಕ್ಷರ ಪತ್ತೆಯಾಗಿದೆ," ಎಂದರು ತಗ್ಗಿದ ದನಿಯಲ್ಲಿ. "ಯಾರು ಕಲಿಸಿದ್ದು?"

"ನಾನೇ ಸಾರ್."

"ನಿನಗೆ ಯಾರು ಕಲಿಸಿದ್ರು?"

"ಸಾರ್, ನಾನು ಡಾಕ್ಟರು!"

"ಅದು ಬೇರೆ ವಿಷ್ಯ. ಒಂದನೇ ಕ್ಲಾಸಿನ ಪಾಠ ಇನ್ನೂ ಅಲ್ಲಿಗೆ ಬಂದಿಲ್ಲ." ಟೋರ್‌ಸ್ಟೆನ್ ನಿಟ್ಟುಸಿರು ಬಿಟ್ಟರು. "ಇದನ್ನ ವಿದ್ಯಾರ್ಥಿಯ ಕುಟುಂಬದ ಗಮನಕ್ಕೆ ತರಲೇಬೇಕು."

"ಯಾವ ವಿದ್ಯಾರ್ಥಿ ಸಾರ್?"

"ನೀನೇ ಕಣಪ್ಪ. ಮನೇಲಿ ಯಾರಿದಾರೆ?"

ಸ್ಟೆಲ್ಲಾನ್ ಯೋಚಿಸಿದ. "ಹೆಂಡತಿ ಹಗಲೆಲ್ಲ ಮಲಗಿರ್ತಾಳೆ ಸಾರ್. ಮಗಳಿದಾಳೆ."

"ನಾಳೆ ಕರ್ಕೊಂಡು ಬಾ."

ಮರುದಿನ ತುವಾ ಬಂದಳು. ಅವಳಿಗೆ ದೊಡ್ಡವರ ಕುರ್ಚಿ, ಹಣ್ಣಿನ ರಸ, ಬನ್ನು. ಸ್ಟೆಲ್ಲಾನ್‌ಗೆ ಪುಟಾಣಿ ಕುರ್ಚಿ.

"ಹುಡುಗ ಬುದ್ಧಿವಂತ, ಇಲ್ಲ ಅನ್ನಲ್ಲ," ಎಂದರು ಟೋರ್‌ಸ್ಟೆನ್, ತುವಾಳ ಕಡೆ ಬಾಗಿ. "ಆದ್ರೆ ಆತುರ ಜಾಸ್ತಿ. ಮನೇಲೂ ಹೀಗೇನಾ?"

ತುವಾ ಅಪ್ಪನನ್ನು ನೋಡಿದಳು. ಅಪ್ಪ ನೆಲ ನೋಡಿದ.

"ಮನೇಲಿ ಒಳ್ಳೆಯವನೇ," ಎಂದಳು. "ಹಲ್ಲು ಚೆನ್ನಾಗಿ ಉಜ್ತಾನೆ."

"ಸಂತೋಷ. ನೀವು ಸ್ವಲ್ಪ ಗಮನ ಕೊಡಿ ಮೇಡಂ. ನಮ್ಮ ಕ್ಲಾಸಿನ ದಿನಚರಿ ನಿಮಗೂ ಗೊತ್ತಿದ್ರೆ ಅವನಿಗೆ ಅನುಕೂಲ."

ಅಲ್ಲಿಗೆ ಕಾರ್ಯಕ್ರಮದ ಎರಡನೇ ಹಂತ ಜಾರಿಗೆ ಬಂತು. ಒಳಗಿರುವ ವಿದ್ಯಾರ್ಥಿಗಳಿಗೆಲ್ಲ ಕುಟುಂಬಗಳಿರುವುದರಿಂದ, ಆ ಕುಟುಂಬಗಳಿಗೂ ತರಗತಿಯ ಪರಿಚಯ ಮಾಡಿಕೊಡತಕ್ಕದ್ದೆಂದು ಆದೇಶವಾಯಿತು. ಅಗ್ನಿಶಾಮಕದವರು ಎಣಿಸುವುದು ವಿದ್ಯಾರ್ಥಿಗಳನ್ನೇ ಹೊರತು ಸಂದರ್ಶಕರನ್ನಲ್ಲ. ಹೀಗಾಗಿ ಮಕ್ಕಳೆಲ್ಲ ಒಳಗೆ ಬಂದು, ಹಿಂದಿನ ಗೋಡೆಯುದ್ದಕ್ಕೂ ದೊಡ್ಡ ಕುರ್ಚಿಗಳಲ್ಲಿ ಕಾಲು ಇಳಿಬಿಟ್ಟು ಕೂತರು. ಮಕ್ಕಳ ಮುಂದೆ ಮರ್ಯಾದೆ ಹೋದೀತೆಂದು ನ್ಯಾಯಾಧೀಶೆ ಸಿವ್ ಕೂಡ ಮೊಟ್ಟಮೊದಲ ಸಲ ಕೈ ಎತ್ತಿದರು. ಗುನ್‌ವೋರ್ ಕಣ್ಣೊರೆಸಿಕೊಂಡರು. ದಿನಚರಿ ಎಲ್ಲರಿಗೂ ಅರ್ಥವಾಗಿತ್ತು. ಅಕ್ಷರಾಭ್ಯಾಸ ಆರಂಭವಾಯಿತು.

ಚಳಿಗಾಲವಿಡೀ ಪೋಷಕರು ಅಕ್ಷರ ತಿದ್ದಿದರು. ಹಿಂದಿನ ಗೋಡೆಯ ಬಳಿ ಕೂತ ಮಕ್ಕಳು ಬೇಸರಕ್ಕೆ ಕರಿಹಲಗೆ ನೋಡುತ್ತಿದ್ದರು. ನೋಡಬಾರದೆಂಬ ನಿಯಮ ಇರಲಿಲ್ಲ. ಡಿಸೆಂಬರಿನ ಹೊತ್ತಿಗೆ ಸ್ಟೆಲ್ಲಾನ್ ಮನೆಪಾಠದಲ್ಲಿ ತಿಣುಕುವುದನ್ನು ಕಂಡು ತುವಾ ಪಕ್ಕಕ್ಕೆ ಬಂದು ಕೂರತೊಡಗಿದಳು. ಅವನಿಗೆ ಬರುತ್ತಿರಲಿಲ್ಲವೆಂದಲ್ಲ. ಅವಳು ಬೆರಳಿಟ್ಟು ತೋರಿಸುವಾಗಿನ ಖುಷಿ ಬಿಡಲಾಗುತ್ತಿರಲಿಲ್ಲ. ಕೊನೆಕೊನೆಗೆ ನಿಜವಾಗಿಯೂ ಬರುತ್ತದೆಯೋ ಇಲ್ಲವೋ ಎಂದು ಅವನಿಗೇ ಅನುಮಾನವಾಗತೊಡಗಿತು.

"ಅವಸರ ಮಾಡ್ಬೇಡ. ಬಾಯಿ ಬಿಟ್ಟು ಓದು," ಎನ್ನುತ್ತಿದ್ದಳು ತುವಾ.

ಇಲ್ವಾ ಒಂದು ದಿನ ನಿದ್ದೆಗಣ್ಣಲ್ಲಿ ಅಡುಗೆಮನೆಗೆ ಬಂದು ಇಬ್ಬರನ್ನೂ ನೋಡಿದಳು. "ಯಾರು ಯಾರಿಗೆ ಹೇಳಿಕೊಡ್ತಿದೀರಿ?"

"ಶ್! ನಾಳೆ ಅಪ್ಪಂಗೆ ಉಕ್ತಲೇಖನ ಇದೆ," ಎಂದಳು ತುವಾ. ಇಲ್ವಾ ಇಬ್ಬರಿಗೂ ಹಾಲು ಬಿಸಿ ಮಾಡಿಟ್ಟು ಕೆಲಸಕ್ಕೆ ಹೋದಳು.

ಜೂನ್ ಬಂತು. ಶಾಲೆಯ ಕೊನೆಯ ದಿನ ಪೋಷಕರು ಬಿಳಿ ಅಂಗಿ ತೊಟ್ಟು, ಎತ್ತರದ ಪ್ರಕಾರ ಸಾಲಾಗಿ ನಿಂತು ಬೇಸಿಗೆಯ ಹಾಡು ಹಾಡಿದರು. ಬ್ಯಾಂಕಿನ ಮ್ಯಾನೇಜರಿಗೆ ನಡುವೆ ಮರೆತುಹೋಗಿ ಅಳು ಬಂತು. ಅವನ ಮಗಳು ಎದ್ದುನಿಂತು ಕೈ ಬೀಸಿ ಧೈರ್ಯ ಹೇಳಿದಳು. ಟೋರ್‌ಸ್ಟೆನ್ ಭಾಷಣ ಮಾಡಿ, ಕುಟುಂಬಗಳು ಇಷ್ಟೊಂದು ತೊಡಗಿಸಿಕೊಂಡ ಶಾಲೆ ನಾಡಿನಲ್ಲೇ ಇನ್ನೊಂದಿಲ್ಲ ಎಂದರು. ಅದು ಸುಳ್ಳಾಗಿರಲಿಲ್ಲ.

ಪ್ರಗತಿಪತ್ರಗಳನ್ನು ಕುಟುಂಬದವರ ಕೈಗೇ ಕೊಟ್ಟರು. ತುವಾ ಎಲ್ಲರೆದುರು ಗಟ್ಟಿಯಾಗಿ ಓದಿದಳು: "‘ಸ್ಟೆಲ್ಲಾನ್ ಎರಡನೇ ತರಗತಿಗೆ ತೇರ್ಗಡೆಯಾಗಿದ್ದಾನೆ. ಸ್ನೇಹಮಯಿ. ಗಮನ ಕೊಟ್ಟರೆ ಇನ್ನೂ ಚೆನ್ನಾಗಿ ಓದಬಲ್ಲ.’"

ಒಂದು ಅಕ್ಷರವೂ ತಪ್ಪಲಿಲ್ಲ. ಇವಳಿಗೆ ಓದಲು ಯಾರು ಕಲಿಸಿದರೆಂದು ಒಬ್ಬರೂ ಕೇಳಲಿಲ್ಲ. ಎಲ್ಲರ ಕಣ್ಣೂ ಸ್ಟೆಲ್ಲಾನ್‌ನ ಮೇಲಿತ್ತು. ದಂತವೈದ್ಯಕೀಯ ಪದವಿ ಬಂದ ದಿನವೂ ಅವನ ಎದೆ ಅಷ್ಟು ಉಬ್ಬಿರಲಿಲ್ಲ.

ತುವಾ ಗುನ್‌ವೋರ್ ಬಳಿಗೆ ಹೋದಳು. "ರಜೆಯಲ್ಲಿ ಎಲ್ಲಾ ಮರ್ತುಬಿಡ್ತಾನೆ ಮೇಡಂ. ಏನಾದ್ರೂ ಮನೆಗೆಲಸ ಕೊಡಿ."

"ನಿಮ್ಮಂಥ ಕುಟುಂಬ ಸಿಗೋದು ಅಪರೂಪ," ಎಂದು ಗುನ್‌ವೋರ್ ದಪ್ಪನೆಯ ಪುಸ್ತಕವೊಂದನ್ನು ಕೊಟ್ಟರು.

ತುವಾ ಅದನ್ನು ಕಂಕುಳಲ್ಲಿ ಇರುಕಿಕೊಂಡು, ಅಪ್ಪನ ಕೈ ಹಿಡಿದು, ಎರಡೂ ಕಡೆ ನೋಡಿ ಜೋಪಾನವಾಗಿ ರಸ್ತೆ ದಾಟಿಸಿದಳು.