ಗೋಧಿ ಕಂಡರೆ ಸಿಡುಕುವ ರಕ್ತ

ಕಾಯಿಲೆ ಇದೆಯೆಂದು ತಿಳಿದು ಕುಣಿದಾಡಿದವರನ್ನು ನೀವು ನೋಡಿರಲಿಕ್ಕಿಲ್ಲ. ನಾನು ಕುಣಿದಿದ್ದೇನೆ, ಅದೂ ಯಲಹಂಕದ ಬಸ್ಸಿನಲ್ಲಿ, ಕಂಬಿ ಹಿಡಿದುಕೊಂಡೇ. ಹೆಸರಿಲ್ಲದ ಕಾಯಿಲೆಗೆ ಮನೆಯಲ್ಲಿ ಮೂರು ಕಾಸಿನ ಮರ್ಯಾದೆ ಇರುವುದಿಲ್ಲ ನೋಡಿ. ಬಿ.ಪಿ. ಎಂದರೆ ಟಿ.ವಿ. ಸದ್ದು ತಾನಾಗಿ ತಗ್ಗುತ್ತದೆ. 'ಹೊಟ್ಟೆ ಒಂಥರಾ ಆಗ್ತಿದೆ' ಎಂದರೆ? ನನ್ನ ಹೆಂಡತಿ ಶಾರದಾ ಧಾರವಾಡದವಳು; ತಲೆ ಎತ್ತದೆ, "ಹೊಟ್ಟ್ಯಾಗ ಏನೂ ಇಲ್ರೀ, ಎಲ್ಲಾ ತಲ್ಯಾಗ ಐತಿ" ಎನ್ನುತ್ತಿದ್ದಳು.

ನಾವು ಕೊಡಿಗೇಹಳ್ಳಿಯ ಹಳೇ ಮನೆತನದವರು. ಮುದ್ದೆ ನುಂಗಿ ಬೆಳೆದ ಹೊಟ್ಟೆ. ನಲವತ್ತೈದು ದಾಟಿದ ಮೇಲೆ, ಬೆಂಗಳೂರಿನ ಗಂಡಸರೆಲ್ಲ ಮಾಡುವಂತೆ, ಆರೋಗ್ಯಕ್ಕೆಂದು ಮುದ್ದೆ ಬಿಟ್ಟು ಚಪಾತಿ ಹಿಡಿದೆ. ಅಲ್ಲಿಂದ ಶುರುವಾಯಿತು ಹೊಟ್ಟೆಯುಬ್ಬರ, ಸುಸ್ತು. ಪ್ಯಾಂಟು ಸಡಿಲವಾಯಿತು, ಹಿಮೋಗ್ಲೋಬಿನ್ ಇಳಿಯಿತು. ನಾನು ಗ್ರಂಥಪಾಲಕನಾಗಿರುವ ಸೋಲದೇವನಹಳ್ಳಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರೊಬ್ಬರು, "ಗುರು, ಒಂದ್ಸಲ ಗೋಧಿ ಬಿಟ್ನೋಡು" ಎಂದರು. ಬಿಟ್ಟೆ. ಮುಕ್ಕಾಲು ಪಾಲು ಹಗುರವಾಯಿತು. ಆರು ತಿಂಗಳು ಕಳೆದು, ಗೆದ್ದವನ ಠೀವಿಯಲ್ಲಿ ರಕ್ತಪರೀಕ್ಷೆಗೆ ಹೋದೆ. ವರದಿಯಲ್ಲಿ ಏನೂ ಇಲ್ಲ! ಅಡುಗೆಮನೆಯಲ್ಲಿ ಶಾರದಾಳ ಲಟ್ಟಣಿಗೆಯ ಸದ್ದು ಜೋರಾಯಿತು.

ಡಾಕ್ಟರಮ್ಮ ಹಣೆ ಚಚ್ಚಿಕೊಂಡರು. "ಗೋಧಿ ಬಿಟ್ಮೇಲೆ ಬಂದ್ರೆ ಈ ಪರೀಕ್ಷೇಲಿ ಏನ್ರೀ ಸಿಗುತ್ತೆ? ಮತ್ತೆ ವಾರಗಟ್ಟಲೆ ದಿನಾ ಗೋಧಿ ತಿಂದು ಬನ್ನಿ." ನನಗೆ ಜೀವ ಬಾಯಿಗೆ ಬಂತು. ನನ್ನ ಮುಖ ನೋಡಿ ಕನಿಕರ ಹುಟ್ಟಿತೇನೋ, "ಯಲಹಂಕದ ಕಡೆ ಒಂದು ಲ್ಯಾಬಲ್ಲಿ ಹೊಸ ಪರೀಕ್ಷೆ ಬಗ್ಗೆ ಸಂಶೋಧನೆ ನಡೀತಿದೆ. ಒಪ್ಪಿದ್ರೆ ರಕ್ತ ಕೊಟ್ಟು ಬನ್ನಿ" ಎಂದರು.

ಅಲ್ಲಿನ ಸಂಶೋಧಕಿ ವಿವರಿಸಿದ್ದನ್ನು ಕೇಳಿ ನನಗೆ ರೋಮಾಂಚನವಾಯಿತು. ರಕ್ತದಲ್ಲಿ ನಮ್ಮನ್ನು ಕಾಯುವ ಬಿಳಿ ಕಣಗಳಿವೆಯಲ್ಲ, ಗೋಧಿ ತಿಂದರೆ ಕರುಳು ಕೆಡುವ ಸೀಲಿಯಾಕ್ ಎಂಬ ಕಾಯಿಲೆ ಇದ್ದವರಲ್ಲಿ ಅವುಗಳ ಪೈಕಿ ಕೆಲವೇ ಕೆಲವು ಗೋಧಿಯನ್ನು ಶತ್ರುವೆಂದು ಗುರುತಿಟ್ಟುಕೊಂಡಿರುತ್ತವಂತೆ. ಗೋಧಿ ಬಿಟ್ಟು ಎಷ್ಟೋ ಕಾಲವಾದರೂ ಹಗೆ ಮರೆಯುವುದಿಲ್ಲವಂತೆ! ಕೊಳವೆಯಲ್ಲಿ ರಕ್ತಕ್ಕೆ ಚೂರು ಗೋಧಿಯ ಪ್ರೋಟೀನು ಬೆರೆಸಿದರೆ ಸಾಕು, ಎದ್ದು ಬೊಬ್ಬೆ ಹೊಡೆಯುತ್ತವೆ. ಯಂತ್ರ ಆ ಬೊಬ್ಬೆಯನ್ನು ಅಳೆಯುತ್ತದೆ. ನಾನು ತಿನ್ನಬೇಕಿಲ್ಲ, ನನ್ನ ಪರವಾಗಿ ನನ್ನ ರಕ್ತವೇ ಜಗಳವಾಡುತ್ತದೆ! ತೋಳು ಚಾಚಿ, "ಎಷ್ಟ್ ಬೇಕಾದ್ರೂ ತಗೊಳ್ಳಮ್ಮ" ಎಂದೆ.

ಕಣಗಳು ನನ್ನ ಮಾನ ಉಳಿಸಿದವು. ಡಾಕ್ಟರಮ್ಮ ಇದರ ಜೊತೆ ಬೇರೆ ಪರೀಕ್ಷೆಗಳನ್ನೂ ಮಾಡಿಸಿ, ಕೊನೆಗೆ ಸೀಲಿಯಾಕ್ ಎಂದೇ ಬರೆದುಕೊಟ್ಟರು. ಬಸ್ಸು ಹತ್ತಿದವನೇ ಮನೆಗೆ ಫೋನು ಮಾಡಿದೆ. "ಶಾರದಾ, ಇದೆ ಕಣೇ! ನಂಗೆ ನಿಜವಾಗ್ಲೂ ಕಾಯಿಲೆ ಇದೆ!" ಪಕ್ಕದಲ್ಲಿದ್ದವರು ಮೂಗು ಮುಚ್ಚಿಕೊಂಡು ಹಿಂದಕ್ಕೆ ಸರಿದರು.

ಮನೆಗೆ ಬಂದರೆ ಶಾರದಾಳ ಕಣ್ಣು ಕೆಂಪಗಿತ್ತು. "ಇಷ್ಟ ದಿನ ನಾಟಕ ಅಂತಿದ್ನಲ್ರೀ ನಾ" ಎಂದಳು. ದೊಡ್ಡ ಮನಸ್ಸು ಮಾಡಿ ಕ್ಷಮಿಸಿದೆ. ಆ ದೊಡ್ಡಸ್ತಿಕೆಯ ಸುಖ ಅರ್ಧ ಗಂಟೆ ಇದ್ದಿರಬೇಕು. ಅಷ್ಟರಲ್ಲಿ ಅವಳು ಕನ್ನಡಕ ಏರಿಸಿ, ಅಡುಗೆಮನೆಯ ಡಬ್ಬಿಗಳ ಮೇಲಿನ ಸಣ್ಣಕ್ಷರಗಳನ್ನು ಒಂದೊಂದಾಗಿ ಓದತೊಡಗಿದ್ದಳು. ಇಂಗಿನ ಡಬ್ಬಿ ಕೈಗೆ ಬಂದಾಗ ನಿಂತಳು. ಅದರಲ್ಲಿ ಇಂಗಿನ ಜೊತೆಗೆ ಗೋಧಿ ಹಿಟ್ಟೂ ಇತ್ತು.

ಗೋಧಿ ಬಿಟ್ಟ ಮೇಲೂ ಹೊಟ್ಟೆ ಉಬ್ಬಿದಾಗಲೆಲ್ಲ, ಗ್ಯಾಸಿಗೆ ಇದಕ್ಕಿಂತ ಮದ್ದಿಲ್ಲವೆಂದು ಮಜ್ಜಿಗೆಗೆ ಇಂಗು ಹಾಕಿಸಿಕೊಂಡು ಲೋಟಗಟ್ಟಲೆ ಕುಡಿಯುತ್ತಿದ್ದವನು ನಾನು.

"ಸಾಕ್ರೀ ಅಂದ್ರೂ 'ಇನ್ನೊಂದ್ ಚಿಟಿಕೆ ಹಾಕೇ' ಅಂತಿದ್ದವ್ರು ಯಾರ್ರೀ?" ಎಂದು ಬಹಳ ಮೃದುವಾಗಿ ಕೇಳಿದಳು. ನನ್ನ ಉತ್ತರಕ್ಕೂ ಕಾಯದೆ ಇಂಗಿಲ್ಲದ ಮಜ್ಜಿಗೆ ತಂದಿಟ್ಟಳು. ಕುಡಿದೆ. ಬರೀ ಸಪ್ಪೆ.

"ಹೆಂಗೈತ್ರೀ?"

"ಅಮೃತ" ಎಂದೆ.