ಸೆರಗಿನ ರೇಷ್ಮೆ ಹಾಗೂ ಟವೆಲ್ ಹೊದ್ದ ಕುರ್ಚಿಯ ಕುರಿತು

ಇಂದ:
ರಾಚಯ್ಯ, ನೂಲು ಹಂಚುವ ಗುಮಾಸ್ತ (ನಾಟಕ ಬರೆದವನೂ ಇವನೇ),
ಕೆಳಗಿನ ಓಣಿ ನೇಕಾರರ ಸಂಘ, ಇಳಕಲ್ಲ, ತಾ. ಹುನಗುಂದ.

ಗೆ:
ಶ್ರೀ ಅಮಾತೆಪ್ಪನವರು, ಅಧ್ಯಕ್ಷರು, ಸದರಿ ಸಂಘ.

ವಿಷಯ: ನೇಕಾರ್ತಿ ಕಾಸಿಂಬಿಗೆ ನಿಲ್ಲಿಸಿದ ಕೆಂಪು ರೇಷ್ಮೆಯನ್ನು ಮತ್ತೆ ಕೊಡುವ ಬಗ್ಗೆ.

ಉಲ್ಲೇಖ: 1) ಸಂಘದ ವಾರ್ಷಿಕೋತ್ಸವದ ನಾಟಕ, ದಿ. 6-2-1983. 2) ಮರುದಿನ ತಾವು ಚಪ್ಪಲಿ ಮೆಟ್ಟುತ್ತಾ ನೀಡಿದ ಮೌಖಿಕ ಆದೇಶ.

ಮಾನ್ಯರೇ,

ಅರ್ಜಿದಾರನು ಈ ಮೊದಲು ನಾಟಕ ಬರೆದವನಲ್ಲ, ಇನ್ನು ಬರೆಯುವವನೂ ಅಲ್ಲ. ನಡೆದದ್ದು ಹೀಗಿದೆ.

1. ನಾಟಕವು ಕ್ರಿ.ಶ. 1999ರ ಒಂದು ಕಲ್ಪಿತ ಊರಿನದು. ಆ ಊರಿಗೆಲ್ಲ ಒಂದೇ ಕುರ್ಚಿ ಇದ್ದು, ಉಳಿದವರು ನಿಂತೇ ಬದುಕತಕ್ಕದ್ದು. ಕುರ್ಚಿಯವರ ಮನೆಯ ಹೆಂಗಸರ ಸೀರೆಗೆ ಮಾತ್ರ ಸೆರಗು; ಮಿಕ್ಕವರ ಸೀರೆ ಒಡಲಿಗೇ ಮುಗಿಯತಕ್ಕದ್ದು. ಕೊನೆಗೆ ನೇಕಾರರೆಲ್ಲ, ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕುವಂತೆ, ಕೈಗೆ ಕೈ ಕೊಂಡಿ ಹಾಕಿ ಕುರ್ಚಿಯನ್ನು ಕೆಡವುತ್ತಾರೆ. ಕುರ್ಚಿ ಎಂದರೆ ಅಧಿಕಾರ, ಸೆರಗು ಎಂದರೆ ತಾರತಮ್ಯ, ಕೊಂಡಿ ಎಂದರೆ ಒಗ್ಗಟ್ಟು ಎಂದು ಅರ್ಜಿದಾರನು ಮೊದಲೇ ಮೈಕಿನಲ್ಲಿ ಬಿಡಿಸಿ ಹೇಳಿದ್ದನು. ಹೇಳಬಾರದಿತ್ತು.

2. ಕಮತಗಿಯಿಂದ ಬರಬೇಕಿದ್ದ ಬಾಡಿಗೆ ಕುರ್ಚಿ ಬಾರದ ಕಾರಣ, ಜವಾನ ಚಂದಪ್ಪನು ತಮ್ಮ ಕುರ್ಚಿಯನ್ನೇ ಟವೆಲ್ ಸಮೇತ ಹೊತ್ತು ತಂದನು. "ಟವೆಲ್ ತಗಿ ಅಂತ ನನಗ ಯಾರೂ ಹೇಳಲಿಲ್ರಿ" ಎಂಬುದು ಅವನ ಹೇಳಿಕೆ. ತಾವು ಊರಲ್ಲಿಲ್ಲದಾಗ ಆ ಟವೆಲ್ಲಿನ ಮುಂದೆಯೇ ನಿಂತು ಅಹವಾಲು ಹೇಳಿ ಹೋಗುವುದು ನಮ್ಮ ನೇಕಾರರ ಹಳೆಯ ವಾಡಿಕೆ. ಅದು ನಡುವೆ ಬಾಯಿ ಹಾಕುವುದಿಲ್ಲ.

3. ಹೆಣ್ಣು ಪಾತ್ರದವನಿಗೆ ಜ್ವರ ಬಂದ ಕಾರಣ, ನಾಟಕ ನೋಡಲು ಬಂದಿದ್ದ ಕಾಸಿಂಬಿಯನ್ನು ಒತ್ತಾಯದಿಂದ ರಂಗದ ಮೇಲೆ ಹತ್ತಿಸಲಾಯಿತು. ಆಕೆಗಿದ್ದದ್ದು ಒಂದೇ ಮಾತು: "ಈ ಕುರ್ಚಿ ನಮಗ ಬ್ಯಾಡ." ಹೇಳಿ, ಕುರ್ಚಿಯನ್ನು ದಬ್ಬಬೇಕಿತ್ತು. ಮೂವತ್ತು ವರ್ಷ ಆ ಟವೆಲ್ ಕಂಡ ಹೆಣ್ಣುಮಗಳು. ಎದುರಿಗೆ ಬಂದವಳೇ ಚಪ್ಪಲಿ ಬಿಟ್ಟು, ತಲೆಯ ಮೇಲೆ ಸೆರಗೆಳೆದು, "ಸಾಹೇಬ್ರ, ಎರಡು ವಾರ ಆತ್ರಿ. ರೇಷ್ಮಿ ಯಾವಾಗ ಕೊಡಸ್ತೀರಿ?" ಎಂದಳು. ಜನ ಬಿದ್ದು ಬಿದ್ದು ನಕ್ಕರು. ಕುರ್ಚಿ ಬೀಳಲಿಲ್ಲ ಎಂಬುದನ್ನು ತಾವು ದಯವಿಟ್ಟು ಗಮನಿಸಬೇಕು.

4. ಮರುದಿನ ತಾವು "ಕುರ್ಚಿ ಅಂದ್ರ ನಾನೇನಲೇ ರಾಚಯ್ಯಾ?" ಎಂದು ಕೇಳಿದಿರಿ. "ಅಲ್ರಿ, ಬರೇ ಸಂಕೇತರಿ" ಎಂದು ಅರ್ಜಿದಾರನು ಅರಿಕೆ ಮಾಡಿಕೊಂಡನು. "ಹಂಗಾದ್ರ ಆಕಿಗೂ ಬರೇ ಸಂಕೇತ ಕೊಡು, ರೇಷ್ಮಿ ಕೊಡಬ್ಯಾಡ" ಎಂದು ಆದೇಶವಾಯಿತು.

5. ಸದರಿ ರೇಷ್ಮೆಯು ಕಾಸಿಂಬಿಯ ಪಕ್ಕದ ಮನೆಯ ಶಿವಲಿಂಗವ್ವನ ಮಗಳು ಮಾದೇವಿಯ ಕುಬಸದ ಸೀರೆಗೆ ಬೇಕಾದದ್ದು. ಚೊಚ್ಚಲ ಬಸುರಿ, ಸೀಮಂತದ ಕುಬಸಕ್ಕೆ ಇನ್ನು ಹದಿನಾರು ದಿನ. ಹಸಿರು ಒಡಲು ಮಗ್ಗವೇರಿ ಕುಳಿತಿದೆ, ಸೆರಗಿಗೆ ಎಳೆಯಿಲ್ಲ. 1999ಕ್ಕೆಂದು ಅರ್ಜಿದಾರನು ಕಲ್ಪಿಸಿದ್ದನ್ನು ಸಂಘವು ಈಗಲೇ ಮಾಡಿ ತೋರಿಸಿದೆ. ಕಾಸಿಂಬಿ ದಿನವೂ ಬಂದು, "ಇವತ್ತೂ ಇಲ್ಲೇನ್ರಿ ಅಯ್ನಾರ?" ಎನ್ನುತ್ತಾಳೆ. ನಾಟಕದ ಹೊತ್ತಿಗೆ ಮುಗಿದಿದ್ದ ರೇಷ್ಮೆ ಈಗ ಬಂದು ಒಳಗೇ ಇದೆ. "ಇಲ್ಲಬೇ" ಎನ್ನುವಾಗ ಅರ್ಜಿದಾರನಿಗೆ ತುಂಬ ನಾಚಿಕೆಯಾಗುತ್ತದೆ. ಆಕೆ ಖಾಲಿ ಚೀಲ ಮಡಚಿಕೊಂಡು, ನಾಳೆ ಬರುವುದಾಗಿ ಹೇಳಿ ಹೋಗುತ್ತಾಳೆ, ಅದೇ ತಡೆಯಲಾಗುತ್ತಿಲ್ಲ.

ಕಾರಣ, ಬರೆದವನು ಅರ್ಜಿದಾರನಾದ್ದರಿಂದ ಶಿಕ್ಷೆ ಅವನಿಗೆ, ನೇಯುವವಳು ಕಾಸಿಂಬಿಯಾದ್ದರಿಂದ ರೇಷ್ಮೆ ಆಕೆಗೆ ಎಂದು ಹೊಸ ಆದೇಶ ಆಗಬೇಕು. ಹಿಂದಿನ ಆದೇಶದಲ್ಲಿ ಇವೆರಡೂ ಅದಲುಬದಲಾಗಿವೆ. ಮುಂದಿನ ಸಭೆಯಲ್ಲಿ ನೋಡೋಣ ಎನ್ನುವಂತಿಲ್ಲ. ಮಾದೇವಿಯ ಕೂಸು ಅಲ್ಲಿಯವರೆಗೆ ಕಾಯುವುದಾಗಿ ಬರೆದುಕೊಟ್ಟಿಲ್ಲ.

ನೌಕರಿ ಇರುವವರೆಗೆ ತಮ್ಮ ವಿಶ್ವಾಸಿ,
ರಾಚಯ್ಯ
ಇಳಕಲ್ಲ, ದಿ. 14-2-1983

ಲಗತ್ತುಗಳು:
1) ನಾಟಕದ ಪ್ರತಿ. ಕುರ್ಚಿ ಬಂದಲ್ಲೆಲ್ಲ ಕಾಟು ಹಾಕಿದೆ. ಉಳಿದದ್ದು ಒಂದೂವರೆ ಪುಟ.
2) ಚಂದಪ್ಪನ ಹೇಳಿಕೆ, ಹೆಬ್ಬೆಟ್ಟಿನ ಗುರುತು ಸಹಿತ.
3) ರೇಷ್ಮೆಯ ಕಪಾಟಿನ ಕೀಲಿಕೈ, ಒಂದು.

ವಿ.ಸೂ.: ಕಾಸಿಂಬಿ ನಾಳೆ ಮುಂಜಾನೆ ಎಂಟಕ್ಕೆ ಬರುತ್ತಾಳೆ. ಆದೇಶ ಬದಲಾಗದಿದ್ದಲ್ಲಿ, ರೇಷ್ಮೆ ಇಲ್ಲ ಎಂದು ತಾವೇ ಆಕೆಯ ಮುಖ ನೋಡಿ ಹೇಳಬೇಕಾಗಿ ವಿನಂತಿ.